ಸಾವಿಗಿಂತ ಹಳೆಯ ಸುದ್ದಿ

"ಸತ್ತವನ ಸುದ್ದಿ ಸಾವಿಗಿಂತ ಮುಂಚೆ ಹೇಗಪ್ಪಾ ಹುಟ್ಟಿತು?"

ಇನ್ಸ್‌ಪೆಕ್ಟರು ಕೇಳಿದ್ದು ಯಾರನ್ನೂ ಅಲ್ಲ. ಅವರೆದುರಿಗೆ ಉದ್ದನೆಯ ಮೇಜು. ಅದರ ಮೇಲೆ ಕಿಟಕಿಯ ಬಾಗಿಲಿನಷ್ಟು ದೊಡ್ಡ ಸಂಪುಟವೊಂದು ಬೆನ್ನು ಮುರಿದುಕೊಂಡು ಅಂಗಾತ ಮಲಗಿತ್ತು. ಹತ್ತೊಂಬತ್ತನೇ ಶತಮಾನದ ವಾರಪತ್ರಿಕೆ. ಒಂದು ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿ ಹೊಲಿದದ್ದು. ಕೋಣೆಯ ತುಂಬ ಅಂಥವೇ ಸಂಪುಟಗಳು, ಹಳೆಯ ಕಾಗದದ ವಾಸನೆ, ಮಧ್ಯಾಹ್ನದ ಬಿಸಿಲು.

ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಊರಿಗೆ ಅವರು ಇನ್ನೂ ಇನ್ಸ್‌ಪೆಕ್ಟರೇ. ಜೀವದ ಗೆಳೆಯ ಮೇಷ್ಟ್ರು ಈ ಹಳೆಯ ಪತ್ರಿಕೆಗಳ ಸಂಗ್ರಹಾಲಯದ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಸಿಕ್ಕ ದಿನವೇ ಈ ಸಂಪುಟದಿಂದ ಹಾಳೆಯೊಂದು ಮಾಯವಾಗಿತ್ತು. ಮೇಷ್ಟ್ರಿಗೆ ಇನ್ನೂ ಎಚ್ಚರವಿಲ್ಲ. ಹಾಳೆ ಕದ್ದವರು ಅವರೇ ಎಂಬ ಸುದ್ದಿ ಮಾತ್ರ ನಾಳೆಯ ಪತ್ರಿಕೆಗೆ ತಯಾರಾಗಿ ಕೂತಿತ್ತು.

"ಯಾರನ್ನ ಕೇಳ್ತಿದ್ದೀರಿ ಸಾರ್, ನನ್ನನ್ನಾ?"

ಕಪಾಟಿನ ಹಿಂದಿನಿಂದ ಸೀನೊಂದು ಬಂತು. ಅದರ ಹಿಂದೆಯೇ ಸಂಗ್ರಹಪಾಲಕ ಬಂದ. ಧೂಳು ಮೂಗಿಗೆ ತಾಗಿದರೆ ಸಾಕು, ಸೀನಿ ಸೀನಿ ಸುಸ್ತಾಗುವವನು. ಊರವರು ಅವನನ್ನು ಕರೆಯುತ್ತಿದ್ದುದೂ ಧೂಳಪ್ಪ ಎಂದೇ.

"ನನ್ನನ್ನೇ ಕೇಳ್ಕೊಂಡೆ ಧೂಳಪ್ಪ."

"ಸರಿ ಬಿಡಿ. ನನಗಂತೂ ಉತ್ತರ ಗೊತ್ತಿರ್ಲಿಲ್ಲ."

ಆ ಪ್ರಶ್ನೆ ಇನ್ಸ್‌ಪೆಕ್ಟರದೂ ಅಲ್ಲ. ಬಿದ್ದ ದಿನ ಬೆಳಗ್ಗೆ, ಚಪ್ಪಲಿ ಮೆಟ್ಟುತ್ತಾ, ಮೇಷ್ಟ್ರು ಮಗಳಿಗೆ ಹೇಳಿ ಹೋದ ಮಾತು ಅದು: "ಸಾವಿಗಿಂತ ಸುದ್ದಿ ಹಳೇದು ಕಣೇ. ಇವತ್ತು ಹೋಗಿ ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ." ನೋಡಲು ಹೋದವರು ಮಾತಿಲ್ಲದೆ ಮಲಗಿದರು. ನೋಡಬೇಕಾದ ಹಾಳೆ ಇಲ್ಲವಾಯಿತು. ಅದೇ ಸಂಚಿಕೆಯ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಮಗಳು ಮೇಜಿನ ಆ ತುದಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಅಪ್ಪನ ಪುಸ್ತಕ. ಹಿಂದಿನ ಶತಮಾನದಲ್ಲಿ ಪತ್ರಿಕೆ ನಡೆಸಿದವರ ಜೀವನಚರಿತ್ರೆಗಳು, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ಮೇಷ್ಟ್ರ ಕೈ ನಡುಗುತ್ತಿತ್ತು. ಬರೆದರೆ ಅಕ್ಷರಗಳು ಚದುರಿದ ಇರುವೆ ಸಾಲಿನಂತಾಗುತ್ತಿದ್ದವು. ಹಾಗಾಗಿ ಅವರು ಹೇಳುವುದು, ಮಗಳು ಟೈಪ್ ಮಾಡುವುದು. ಇದ್ದದ್ದು ಅದೊಂದೇ ಪ್ರತಿ. ಅವಳು ಅದನ್ನು ಕೂಸಿನಂತೆ ಅಪ್ಪಿಕೊಂಡಿದ್ದಳು.

"ಮಾಮ, ಸಂಜೆ ಹೊತ್ತಿಗೆ ಮಿಷನ್ ಶುರುವಾಗುತ್ತೆ," ಎಂದಳು. "ಒಂದ್ಸಲ ಅಚ್ಚಾಗಿಬಿಟ್ರೆ ಮುಗೀತು. ಆಮೇಲೆ ಅಪ್ಪ ಎದ್ದು ಕೂತು ನಾನಲ್ಲ ಅಂದ್ರೂ ಯಾರು ಕೇಳ್ತಾರೆ? ಕಳ್ಳ ಬರೆದ ಪುಸ್ತಕ ಅಂತ ಅದನ್ನೂ ಮೂಸಿ ನೋಡಲ್ಲ."

"ಇರು ಮಗಳೇ. ಮೊದಲು ಈ ಗಾಯ ನೋಡೋಣ."

ಅವರು ಗಾಯ ಎಂದದ್ದು ಹಾಳೆ ಕತ್ತರಿಸಿದ ಜಾಗಕ್ಕೆ. ಹೊಲಿಗೆಯ ಪಕ್ಕದಲ್ಲಿ ಬೆರಳಗಲದ ಅಂಚು ಉಳಿದಿತ್ತು. ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತ. ಎಲ್ಲೂ ಕೊಂಕಿಲ್ಲ, ಎಲ್ಲೂ ತಡವರಿಕೆಯಿಲ್ಲ.

"ನಿಮ್ಮಪ್ಪ ಚಹಾ ಲೋಟ ಎತ್ತಿದ್ರೆ ಅರ್ಧ ಬಟ್ಟೆ ಮೇಲೆ. ಅವನು ಹಿಂಗೆ ಕತ್ತರಿಸ್ತಾನಾ?"

ಅವಳ ಮುಖದಲ್ಲಿ ಬಹಳ ದಿನದ ಮೇಲೆ ನಗೆಯಂಥದ್ದೇನೋ ಹಾದುಹೋಯಿತು. "ಅದನ್ನೇ ಹೇಳಿದೆ ಮಾಮ. ಯಾರೂ ಕಿವಿಗೇ ಹಾಕ್ಕೊಳ್ಳಲಿಲ್ಲ."

ಉಳಿದ ಅಂಚಿನ ಮೇಲೆ ಬೂದು ಬಣ್ಣದ ಗೆರೆಯೊಂದಿತ್ತು, ಪೆನ್ಸಿಲಿನಿಂದ ಎಳೆದಂತೆ. ಆದರೆ ಪೆನ್ಸಿಲಿನ ಗೆರೆಗೆ ಹೊಳಪಿರುತ್ತದೆ, ಇದು ಮಂಕಾಗಿತ್ತು. ಇನ್ಸ್‌ಪೆಕ್ಟರು ಬೆರಳಿನಿಂದ ಸವರಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಸೀಸ. ಅಚ್ಚಿನ ಮನೆಯಲ್ಲಿ ಸಾಲಿಗೂ ಸಾಲಿಗೂ ನಡುವೆ ಇಡುವ ಸೀಸದ ಪಟ್ಟಿಯನ್ನು ಯಾರೋ ಅಳತೆಪಟ್ಟಿಯಂತೆ ಒತ್ತಿಹಿಡಿದು ಚಾಕು ಎಳೆದಿದ್ದರು.

ಎಡಗಡೆಯ ಪುಟದ ಕೆಳಗಿನ ಅಂಚಿನಲ್ಲಿ ಇನ್ನೊಂದು ಗುರುತಿತ್ತು. ಹೆಬ್ಬೆರಳಿನ ಬೂದು ಗುರುತು. ಒಂದಲ್ಲ, ಒಂದರ ಮೇಲೊಂದು, ಮೀನಿನ ಹುರುಪೆಯಂತೆ. ಅದು ಯಾಕೆ ಹಾಗಿದೆ ಎಂದು ಇನ್ಸ್‌ಪೆಕ್ಟರಿಗೆ ಹೊಳೆಯಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಅದನ್ನು ಎತ್ತಿಟ್ಟುಕೊಂಡರು.

ಆಮೇಲೆ ಸುಮ್ಮನೆ ಕೂತರು. ಅವರದು ಹಾಗೆ ಕೂರುವ ಅಭ್ಯಾಸ. ಚಿಕ್ಕವರಿದ್ದಾಗ ಸಂಜೆ ದೀಪ ಹಚ್ಚಿ ಅಜ್ಜಿ ಪದ್ಯ ಓದುವಾಗ ಮಾತಾಡುವಂತಿರಲಿಲ್ಲ, ಅಲ್ಲಾಡುವಂತಿರಲಿಲ್ಲ; ಅರ್ಥ ತಿಳಿಯದಿದ್ದರೂ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಏರುತ್ತದೆ ಎಂಬುದು ಕಿವಿಗೆ ತಿಳಿಯುತ್ತಿತ್ತು. ದೇವರು ಕೊಟ್ಟದ್ದು ಕೇಳುವ ಕೆಲಸ ಎಂದು ಅವರು ನಂಬಿದ್ದರು. ಪೊಲೀಸ್ ಕೆಲಸದಲ್ಲೂ ಅವರು ಹೊಡೆದು ಬಾಯಿ ಬಿಡಿಸಿದವರಲ್ಲ, ಕೂತು ಕೇಳಿದವರು.

ಕೂತಂತೆಯೇ ಬಿಸಿಲು ಸ್ವಲ್ಪ ವಾಲಿತು. ಎಡಗಡೆಯ ಪುಟದ ಮೇಲೆ ಅದು ಓರೆಯಾಗಿ ಬಿದ್ದಾಗ ಅವರ ಕಣ್ಣು ಕಿರಿದಾಯಿತು.

ಆ ಪುಟ ಹಿಂದಿನ ವಾರದ ಸಂಚಿಕೆಯ ಕೊನೆಯದು. ಅದರ ಮೇಲಿನ ಅಚ್ಚು ಸ್ಪಷ್ಟವಾಗಿತ್ತು. ಆ ಅಚ್ಚಿನ ಅಡಿಯಲ್ಲಿ, ನೀರಿನೊಳಗಿನ ನೆರಳಿನಂತೆ, ಇನ್ನೊಂದು ಅಚ್ಚು. ತಿರುವುಮುರುವಾದ ಅಕ್ಷರಗಳು. ಸುತ್ತ ದಪ್ಪನೆಯ ಕಪ್ಪು ಚೌಕಟ್ಟು.

"ಮಗಳೇ, ಚೀಲದಲ್ಲಿ ಕನ್ನಡಿ ಇದ್ಯಾ?"

"ಈಗ ಕನ್ನಡಿ ಯಾಕೆ ಮಾಮ?"

"ಕೊಡೇ, ನನ್ನ ಮುಖ ನೋಡ್ಕೊಳ್ಳೋಕಲ್ಲ."

ಅಂಗೈಯಗಲದ ಕನ್ನಡಿಯನ್ನು ಪುಟಕ್ಕೆ ಹಿಡಿದರು. ಧೂಳಪ್ಪ ಸೀನು ತಡೆಯಲು ಮೂಗು ಹಿಡಿದುಕೊಂಡು ಬಗ್ಗಿದ. ಇಷ್ಟು ವರ್ಷ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದ ಪುಟಗಳು. ಒಂದರ ಶಾಯಿ ಇನ್ನೊಂದಕ್ಕೆ ಹತ್ತಿತ್ತು. ಹಾಳೆ ಕತ್ತರಿಸಿದವರು ಹಾಳೆಯನ್ನು ಒಯ್ದಿದ್ದರು. ಅದರ ನೆರಳನ್ನು ಬಿಟ್ಟು ಹೋಗಿದ್ದರು.

ಕನ್ನಡಿಯಲ್ಲಿ ಅಕ್ಷರಗಳು ನೇರವಾದವು. ಇನ್ಸ್‌ಪೆಕ್ಟರು ನಿಧಾನವಾಗಿ ಓದಿದರು: "ಈ ಪತ್ರಿಕೆಯ ಸಂಪಾದಕರು ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿ ದೋಣಿ ಮಗುಚಿ ಹೊಳೆಯ ಪಾಲಾದರೆಂದು ತಿಳಿಸಲು ವ್ಯಸನಪಡುತ್ತೇವೆ."

ಊರಿನ ಮಕ್ಕಳಿಗೂ ಗೊತ್ತಿದ್ದ ಕಥೆ ಅದು. ಸಂಪಾದಕನ ಹೆಸರನ್ನು ಜನ ಮರೆತೇಬಿಟ್ಟಿದ್ದರು. 'ಚಾಟಿ' ಎಂಬ ಅಂಕಿತದಲ್ಲಿ ಬರೆಯುತ್ತಿದ್ದ, ಚಾಟಿಯೇ ಅವನ ಹೆಸರಾಗಿ ಉಳಿಯಿತು. ಗಿರಣಿಯ ಧಣಿಯ ಮೇಲೆ ಬರೆದ, ಧಣಿ ಮಾನನಷ್ಟದ ಮೊಕದ್ದಮೆ ಹಾಕಿದ. ವಿಚಾರಣೆಗೆ ಹೋಗುವಾಗ ದೋಣಿ ಮಗುಚಿತು. ಅಂಬಿಗ ಈಜಿ ದಡ ಸೇರಿದ. ಚಾಟಿಯ ದೇಹ ಸಿಗಲಿಲ್ಲ. ಮೂವತ್ತು ದಾಟಿದ ಗಟ್ಟಿ ಆಳು. ಪತ್ರಿಕೆಯನ್ನು ಅವನ ಪಾಲುದಾರ ನಡೆಸಿದ. ಕೆಲವು ವರ್ಷಗಳ ಮೇಲೆ ಚಾಟಿಯ ಹೆಂಡತಿಯನ್ನು ಮದುವೆಯೂ ಆದ. ಇವತ್ತಿಗೂ ನಡೆಯುತ್ತಿರುವ ಆ ಪತ್ರಿಕೆಯ ಈಗಿನ ಒಡತಿ ಅವರಿಬ್ಬರ ಮೊಮ್ಮಗಳು. ಊರಿಗೆಲ್ಲ ಅವರು ದೊಡ್ಡಮ್ಮ.

"ಇದರಲ್ಲಿ ಹೊಸದೇನಿದೆ ಮಾಮ? ಇದನ್ನ ನಾನೇ ಟೈಪ್ ಮಾಡಿದ್ದೀನಿ."

"ಮಾತಲ್ಲ ಮಗಳೇ, ಅಕ್ಷರ ನೋಡು. ಎಷ್ಟು ದಪ್ಪ, ಎಷ್ಟು ಸವೆದಿದೆ. ಈಗ ಇದೇ ಪುಟದ ಮೇಲಿರೋ ಅಕ್ಷರ ನೋಡು, ಹಿಂದಿನ ವಾರದ್ದು."

ಅವು ಸಣ್ಣ, ತೆಳು, ಚೂಪು.

ಇನ್ಸ್‌ಪೆಕ್ಟರು ಸಂಪುಟವನ್ನು ಹಿಂದಕ್ಕೆ ಮಗುಚುತ್ತಾ ಹೋದರು. ಮಳೆಗಾಲ ಕಳೆಯಿತು, ಬೇಸಿಗೆ ಬಂತು. ಬೇಸಿಗೆಯ ನಡುವಿನ ಸಂಚಿಕೆಯೊಂದರಲ್ಲಿ ಓದುಗರಿಗೆ ಪ್ರಕಟಣೆ: ಅಚ್ಚಿಗೆ ಜೋಡಿಸುವ ಹಳೆಯ ಸೀಸದ ಅಕ್ಷರದ ಮೊಳೆಗಳನ್ನೆಲ್ಲ ಕರಗಿಸಲು ಕಳಿಸಿದ್ದೇವೆ, ಇನ್ನು ಮುಂದೆ ಪತ್ರಿಕೆ ಹೊಸ ಅಕ್ಷರಗಳಲ್ಲಿ ಬರುತ್ತದೆ. ಅದರ ಹಿಂದಿನ ಸಂಚಿಕೆಗಳಲ್ಲಿ ಆ ದಪ್ಪ ಅಕ್ಷರಗಳು. ಮುಂದಿನವುಗಳಲ್ಲಿ ಒಂದೂ ಇಲ್ಲ. ಮತ್ತೆ ಕಾಣಿಸಿಕೊಂಡದ್ದು ಮಳೆಗಾಲದ ಕೊನೆಗೆ, ಚಾಟಿಯ ಸಾವಿನ ಸುದ್ದಿಯಲ್ಲಿ ಮಾತ್ರ.

"ಕರಗಿ ಹೋದ ಅಕ್ಷರ ತಿರುಗಿ ಹೆಂಗೆ ಬಂತು ಸಾರ್?" ಎಂದ ಧೂಳಪ್ಪ. ಮರುಗಳಿಗೆಯೇ ತನ್ನ ಹಣೆ ತಾನೇ ಚಚ್ಚಿಕೊಂಡ. "ಅಯ್ಯೋ! ಕಟ್ಟಿಟ್ಟದ್ದು!"

"ಹೇಳು, ಇವಳಿಗೂ ಗೊತ್ತಾಗಲಿ."

"ಅದೇನಮ್ಮಾ ಅಂದ್ರೆ, ದೊಡ್ಡ ಮನುಷ್ಯರು ಹಾಸಿಗೆ ಹಿಡಿದ್ರೆ ಪತ್ರಿಕೆಯೋರು ಸಾಯೋವರೆಗೂ ಕಾಯ್ತಿರ್ಲಿಲ್ಲ. ಸುದ್ದಿ ಬರೆದು, ಮೊಳೆ ಜೋಡಿಸಿ, ಸುತ್ತ ದಾರ ಕಟ್ಟಿ ಹಲಗೆ ಮೇಲೆ ಇಟ್ಟುಬಿಡೋರು. ತಾರೀಖಿನ ಜಾಗ ಮಾತ್ರ ಖಾಲಿ. ಪ್ರಾಣ ಹೋಯ್ತು ಅಂದ್ರೆ ತಾರೀಖು ತುಂಬಿಸಿ ಅಚ್ಚಿಗೆ ಹಾಕೋದು. ಒಬ್ಬ ಮುದುಕಪ್ಪ ವಾರ ವಾರ ಬಂದು ತನ್ನ ಕಟ್ಟು ಹಂಗೇ ಇದ್ಯಾ ಅಂತ ನೋಡ್ಕೊಂಡು, ಖುಷಿಯಾಗಿ ಮನೆಗೆ ಹೋಗೋನಂತೆ."

"ಹಾಗೆ ದಾರದೊಳಗಿದ್ದ ಮೊಳೆಗಳು ಕರಗೋಕೆ ಹೋಗಲಿಲ್ಲ," ಎಂದರು ಇನ್ಸ್‌ಪೆಕ್ಟರು. "ಅವಸರದಲ್ಲಿ ಹಲಗೆ ಮೇಲಿಂದ ತೆಗೆದು, ತಾರೀಖು ತುಂಬಿಸಿ ಅಚ್ಚು ಹಾಕಿಬಿಟ್ರು. ಹೊಸ ಅಕ್ಷರದಲ್ಲಿ ಮತ್ತೆ ಜೋಡಿಸಬೇಕು ಅಂತ ಯಾರಿಗೂ ಹೊಳೀಲಿಲ್ಲ. ಇಲ್ಲಿ ನೋಡು, ತಾರೀಖು."

ಕನ್ನಡಿಯಲ್ಲಿ ತಾರೀಖೊಂದೇ ಸಣ್ಣಗೆ, ಚೂಪಾಗಿತ್ತು, ಹಳೆಯ ಬಟ್ಟೆಗೆ ಹಾಕಿದ ಹೊಸ ತೇಪೆಯಂತೆ.

ಮಗಳು ಕನ್ನಡಿಯನ್ನೇ ದಿಟ್ಟಿಸುತ್ತಿದ್ದಳು. ಅವಳು ಮೇಷ್ಟ್ರ ಮಗಳು, ಹೇಳಿಸಿಕೊಳ್ಳಬೇಕಾಗಲಿಲ್ಲ.

"ಮಾಮ... ದೋಣಿ?"

"ಹೂಂ. ದೋಣಿ."

ದೋಣಿ ಮಗುಚಿ ಎಂಬ ಮಾತು ದಪ್ಪ ಅಕ್ಷರದಲ್ಲಿತ್ತು. ಹೊಳೆಯ ಪಾಲಾದರು ಎಂಬುದೂ ದಪ್ಪ ಅಕ್ಷರದಲ್ಲೇ. ಸಾವಿನ ಸುದ್ದಿಯನ್ನು ಯಾರಿಗಾದರೂ ಮುಂಚೆಯೇ ಬರೆದಿಡಬಹುದು. ದೋಣಿ ಮಗುಚುವುದನ್ನು ಬೇಸಿಗೆಯಲ್ಲೇ ಬರೆದಿಟ್ಟವರು ಯಾರು?

"ಕೊಲೆ," ಎಂದ ಧೂಳಪ್ಪ. ತಡೆಹಿಡಿದಿದ್ದ ಸೀನು ಆಗಲೇ ಹೊರಬಿತ್ತು.

ಇನ್ಸ್‌ಪೆಕ್ಟರು ಮಗಳ ಚೀಲದತ್ತ ಕೈ ಚಾಚಿದರು. "ನಿಮ್ಮಪ್ಪನ ಪುಸ್ತಕ ಒಂದ್ಸಲ ಕೊಡು. ಚಾಟಿಯದ್ದೂ, ಅದರ ಪಕ್ಕದ ಅಧ್ಯಾಯವೂ."

*

ಪತ್ರಿಕೆಯ ಹಳೆಯ ಅಚ್ಚಿನ ಕೋಣೆ ದೊಡ್ಡಮ್ಮನ ಮನೆಯ ಕೆಳ ಅಂತಸ್ತಿನಲ್ಲಿತ್ತು. ಅಚ್ಚುಕೂಟ ಹಿಂದಿನ ಹೊಸ ಕಟ್ಟಡಕ್ಕೆ ಹೋದ ಮೇಲೂ ಈ ಕೋಣೆಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಓರೆ ಮೇಜುಗಳು, ಜೇನುಗೂಡಿನಂತೆ ಮನೆ ಮನೆ ಮಾಡಿದ ಮರದ ಪೆಟ್ಟಿಗೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಮೊಳೆಗಳು. ದೊಡ್ಡಮ್ಮ ಎತ್ತರದ ಪೀಠದಲ್ಲಿ ಕೂತು ಮೊಳೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಎಪ್ಪತ್ತರ ಹೆಂಗಸು, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಬೆರಳ ತುದಿಗಳು ಬೂದು ಬಣ್ಣ.

"ಬನ್ನಿ ಇನ್ಸ್‌ಪೆಕ್ಟ್ರೇ. ಹಾಳೆ ಸಿಕ್ತಾ?"

"ಹಾಳೆ ಸಿಗಲಿಲ್ಲ ದೊಡ್ಡಮ್ಮ. ನೆರಳು ಸಿಕ್ತು."

ಬಟ್ಟೆ ಹಿಡಿದ ಕೈ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು. ಇನ್ಸ್‌ಪೆಕ್ಟರು ಮೇಜಿನ ಮೇಲಿದ್ದ ಸೀಸದ ಪಟ್ಟಿಯೊಂದನ್ನು ಎತ್ತಿ ತಮ್ಮ ಬಿಳಿ ಕರವಸ್ತ್ರದ ಮೇಲೆ ಎಳೆದರು. ಮಂಕಾದ ಬೂದು ಗೆರೆ ಮೂಡಿತು.

"ಇದೇ ಗೆರೆ ಅಲ್ಲೂ ಇದೆ."

"ಈ ಊರಲ್ಲಿ ಸೀಸ ಇರೋದು ನನ್ನ ಮನೇಲಿ ಮಾತ್ರಾನಾ?"

"ಮೇಷ್ಟ್ರ ಮನೇಲಂತೂ ಇಲ್ಲ. ಅವರ ಕೈಗೆ ಚಾಕು ಕೊಟ್ರೆ ಬೆಣ್ಣೆಯೂ ನೆಟ್ಟಗೆ ಕತ್ತರಿಸಲ್ಲ."

"ಸರಿ. ಕತ್ತರಿಸಿದ್ದು ನಾನೇ." ಅವರು ಮೊಳೆಯೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಅದರ ಮನೆಗೆ ಹಾಕಿದರು. "ನಮ್ಮ ಪತ್ರಿಕೆ, ನಮ್ಮ ಸಂಪುಟ, ನಮ್ಮ ಹಾಳೆ. ಯಾರಪ್ಪಂದೇನು?"

ಮೇಷ್ಟ್ರ ಮಗಳು ಮುಂದೆ ಬಂದಳು. "ನೀವೇ ಕತ್ತರಿಸಿ ನಮ್ಮಪ್ಪನ್ನ ಕಳ್ಳ ಅಂತೀರಾ? ಎಚ್ಚರ ಇಲ್ಲದೆ ಮಲಗಿರೋ ಮನುಷ್ಯನ್ನ? ನಾಚಿಕೆ ಆಗಲ್ವಾ ನಿಮಗೆ?"

"ಬೆಳಗಾದ್ರೆ ಧೂಳಪ್ಪ ಹಾಳೆ ಇಲ್ಲ ಅಂತ ಬೊಬ್ಬೆ ಹೊಡೆದ. ಏನಾದ್ರೂ ಒಂದು ಹೇಳಬೇಕಿತ್ತು, ಹೇಳಿದೆ. ನಿಮ್ಮಪ್ಪ ಏಳ್ತಾರೆ ಅಂತ ಡಾಕ್ಟ್ರೂ ಹೇಳಿರ್ಲಿಲ್ಲ."

ಬಿಸಿಯೂ ಇಲ್ಲ, ತಂಪೂ ಇಲ್ಲ. ಹವಾಮಾನದ ವರದಿ ಓದುವಂಥ ದನಿ. ಇನ್ಸ್‌ಪೆಕ್ಟರು ಆ ದನಿಯನ್ನು ಕೇಳುತ್ತಿದ್ದರು.

"ದೋಣಿಯ ಮಾತು ಹಳೇ ಅಕ್ಷರದಲ್ಲಿದೆ ದೊಡ್ಡಮ್ಮ," ಎಂದರು. "ಬೇಸಿಗೆಯಲ್ಲಿ ಕಟ್ಟಿಟ್ಟದ್ದು."

"ಹೌದು. ಬರೀರಿ. ನಮ್ಮಜ್ಜನೇ ದೋಣಿ ಮಗುಚಿಸಿದ ಅಂತ ಬರೀರಿ. ಪತ್ರಿಕೆ ಮೇಲೆ ಆಸೆ, ಅವನ ಹೆಂಡತಿ ಮೇಲೆ ಆಸೆ. ಸತ್ತವರ ಮೇಲೆ ಇನ್ನೊಂದು ಕಲ್ಲು ಬಿದ್ರೆ ಅವರಿಗೇನು ನೋವಾಗುತ್ತಾ?"

ಸೇವೆಯಲ್ಲಿದ್ದಷ್ಟು ಕಾಲ ಇನ್ಸ್‌ಪೆಕ್ಟರು ಕಂಡವರೆಲ್ಲ ದೊಡ್ಡದನ್ನು ಅಲ್ಲಗಳೆದು ಚಿಕ್ಕದನ್ನು ಒಪ್ಪಿಕೊಂಡವರು. ಸ್ವಂತ ಅಜ್ಜನ ಮೇಲೆ ಕೊಲೆಯನ್ನು ಇಷ್ಟು ಸಲೀಸಾಗಿ ಹೊರಿಸಿದವರನ್ನು ಅವರು ನೋಡಿರಲಿಲ್ಲ. ಈ ಕಲ್ಲನ್ನು ಮುಂದಕ್ಕೆ ಉರುಳಿಸಿದ್ದು ಅದರ ಹಿಂದೆ ಇನ್ನೇನನ್ನೋ ಮರೆಸುವುದಕ್ಕೆ.

"ಮಗಳೇ, ನಾನು ಗುರುತು ಹಾಕಿದ ಜಾಗ ಓದು. ಮೊದಲು ಗಿರಣಿಯದ್ದು."

ಅವಳು ಚೀಲದಿಂದ ಹಾಳೆಗಳನ್ನು ತೆಗೆದಳು. ಗುರುತು ಹುಡುಕಿ ಓದಿದಳು. ಚಾಟಿ ಬರೆದದ್ದು: "ಗಿರಣಿಯ ಕೊಳಚೆ ಹರಿದು ಕುಡಿಯುವ ನೀರು ಕೆಟ್ಟಿದೆ ಎಂದರೆ, ಧಣಿಗಳು ಬಾವಿಯನ್ನು ಸರಿಯಾದ ಜಾಗದಲ್ಲಿ ತೋಡಿಲ್ಲವೆಂದು ಬೈಯುತ್ತಾರೆ. ಬಾವಿ ನಕ್ಕಿತು."

"ಈಗ ಸಾವಿನ ಸುದ್ದಿಯ ಕೊನೆ."

"ಯಾರಿಗೂ ಬಾಗದ ಆ ಲೇಖನಿಯನ್ನು ಹೊಳೆ ಮುಳುಗಿಸಿತೆಂದು ನಂಬುವವರು ನಂಬಲಿ. ಹೊಳೆ ನೋಡಲಿ."

ಕೋಣೆಯಲ್ಲಿ ಬಟ್ಟೆಯ ಸದ್ದು ನಿಂತಿತ್ತು.

"ಕೇಳಿದ್ರಾ ದೊಡ್ಡಮ್ಮ? ಉದ್ದಕ್ಕೆ ಎಳ್ಕೊಂಡು ಹೋಗೋದು, ಕೊನೆಗೆ ಎರಡೇ ಮಾತಲ್ಲಿ ಛಟೀರ್ ಅಂತ ಬಿಡೋದು. ಇದು ಪಾಲುದಾರರ ಉಸಿರಲ್ಲ. ಅವರು ಬರೆದದ್ದನ್ನೂ ಓದಿಸಿ ಕೇಳಿದೆ. ಅಂಗಡಿ ಸಾಮಾನಿನ ಜಾಹೀರಾತಿನ ಹಾಗಿದೆ, ತಪ್ಪು ತಿಳೀಬೇಡಿ. ಚಾಟಿ ತನ್ನ ಸಾವನ್ನ ತಾನೇ ಬರೆದಿಟ್ಟ."

"ತಲೆ ಕೆಟ್ಟಿದ್ಯಾ ನಿಮಗೆ?"

"ಇನ್ನೊಂದು ಉಳಿದಿದೆ. ಓದು ಮಗಳೇ, ಪಕ್ಕದ ಅಧ್ಯಾಯ."

ಮೇಷ್ಟ್ರ ಪುಸ್ತಕದಲ್ಲಿ ಪ್ರತಿಯೊಬ್ಬ ಪತ್ರಕರ್ತನ ಚರಿತ್ರೆಯೂ ಹುಟ್ಟಿನಿಂದ ಶುರುವಾಗಿ ಸಾವಿನಲ್ಲಿ ಮುಗಿಯುತ್ತಿತ್ತು, ಇಬ್ಬರದನ್ನು ಬಿಟ್ಟು. ಚಾಟಿಗೆ ಸಾವಿತ್ತು, ಹೆಣವಿರಲಿಲ್ಲ. ಪಕ್ಕದ ಅಧ್ಯಾಯದವನಿಗೆ ಹುಟ್ಟೇ ಇರಲಿಲ್ಲ. ಊರಿಲ್ಲ, ಹೆತ್ತವರಿಲ್ಲ, ದೂರದ ಬಂದರಿನಲ್ಲಿ ಒಂದು ದಿನ ಪತ್ರಿಕೆ ಶುರುಮಾಡಿದ. ಅಲ್ಲಿಯ ಜನ ಅವನನ್ನು ಪರದೇಶಿ ಎಂದರು. ಶುರುಮಾಡಿದ್ದು ಚಾಟಿ ಮುಳುಗಿದ ಮರುವರ್ಷ. ಮೇಷ್ಟ್ರು ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದರು; ಯಾಕೆಂದು ಮಗಳಿಗೂ ಹೇಳಿರಲಿಲ್ಲ.

ಅವಳು ಓದಿದಳು: "ನಿಮ್ಮ ಊರು ಯಾವುದು, ನಿಮ್ಮವರು ಯಾರು ಎಂದು ಕೇಳಿಕೊಂಡು ಬರುವವರಿಗೆ ನಾನು ಬಂದಿಳಿದ ಹಡಗನ್ನು ತೋರಿಸಿ ಕಳಿಸುತ್ತೇನೆ. ಹಡಗು ಹೇಳಲಿ."

ಓದಿ ಮುಗಿಸಿದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಿನಿಂದ ಓದಿದ್ದಾಗ ಕಾಣದ್ದು, ಚಾಟಿಯ ಅದೇ ಉಸಿರು, ಈಗ ಅವಳ ಕಿವಿಗೇ ಬಿದ್ದಿತ್ತು.

ಇನ್ಸ್‌ಪೆಕ್ಟರು ಗೋಡೆಯತ್ತ ನೋಡಿದರು. ಚಾಟಿಯ ದೊಡ್ಡ ತೈಲಚಿತ್ರ. ಪಕ್ಕದಲ್ಲಿ ಪಾಲುದಾರರ ಫೋಟೋ. ಇವೆರಡರ ನಡುವೆ ಗಾಜು ಹಾಕಿಸಿದ ಪುಟ್ಟ ಆಹ್ವಾನ ಪತ್ರಿಕೆ, ಪಾಲುದಾರರ ಮದುವೆಯದು. ಅಕ್ಷರಗಳು ದಪ್ಪ, ಸವೆದವು.

"ಕರಗದೆ ಉಳಿದದ್ದು ಒಂದೇ ಕಟ್ಟು ಮೊಳೆ," ಎಂದರು. "ಅದರ ದಾರ ಬಿಚ್ಚಿ, ಅದೇ ಮೊಳೆಗಳಲ್ಲಿ ಆ ಮದುವೆ ಕಾಗದ ಅಚ್ಚಾಗಿದೆ. ಅಂದ್ರೆ ಬೇಸಿಗೆಯಲ್ಲೇ ಬರೆದಿಟ್ಟ ಆ ಸುದ್ದಿಯ ಕಟ್ಟು ಅವರಿಬ್ಬರ ಕೈಯಲ್ಲೇ ಇತ್ತು. ಮದುವೆ ಆಗೋವಾಗ ಅವರಿಗೆ ಗೊತ್ತಿತ್ತು ದೊಡ್ಡಮ್ಮ. ಮೊದಲ ಗಂಡ ಬದುಕಿದ್ದಾನೆ ಅಂತ."

ದೊಡ್ಡಮ್ಮ ಪೀಠದಿಂದ ಇಳಿದರು. ಗೋಡೆಯ ಹತ್ತಿರ ಹೋಗಿ, ಗಾಜಿನ ಮೇಲೆ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದರು.

"ಅಜ್ಜಿ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ," ಎಂದರು. "ನನಗೊಬ್ಬಳಿಗೆ ಹೇಳಿದ್ಲು. ಜೈಲಾದ್ರೆ ಚಾಟಿ ಉಳೀತಿರ್ಲಿಲ್ಲ, ನೋಡೋಕೆ ಗಟ್ಟಿ ಇದ್ರೂ ಎದೆ ರೋಗ ಇತ್ತಂತೆ. ಹೋಗಬೇಕು ಅಂದ. ಹೋಗೋವಾಗ, ನನ್ನನ್ನ ಕಾಯಬೇಡ ಅಂದ. ಮೂರು ಜನ ಕೂತು ಸಾವಿನ ಸುದ್ದಿ ಬರೆದರಂತೆ, ನಗ್ತಾ ನಗ್ತಾ." ಅವರು ತಿರುಗಿದರು. "ಈಗ ಹೇಳಿ. ಅವನು ಬದುಕಿದ್ದ ಅಂದ್ರೆ ಆ ಮದುವೆ ಏನು? ನಮ್ಮಮ್ಮ ಯಾರು? ನಾನು ಯಾರು? ಈ ಪತ್ರಿಕೆ ಯಾರದು? ಕೊಲೆಗಾರನ ಮೊಮ್ಮಗಳು ಅಂದ್ರೆ ತಡ್ಕೋತೀನಿ ಇನ್ಸ್‌ಪೆಕ್ಟ್ರೇ. ಇದನ್ನ ತಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಗೋಡೆಯಾಚೆ ಏನೋ ಗುಡುಗಿತು. ಹಿಂದಿನ ಕಟ್ಟಡದಲ್ಲಿ ಅಚ್ಚಿನ ಯಂತ್ರವನ್ನು ಬಿಸಿ ಮಾಡಲು ಖಾಲಿ ಓಡಿಸುತ್ತಿದ್ದರು. ಪೆಟ್ಟಿಗೆಗಳೊಳಗಿನ ಮೊಳೆಗಳು ಸಣ್ಣಗೆ ನಡುಗಿ ಸದ್ದು ಮಾಡಿದವು.

ದೊಡ್ಡಮ್ಮ ಮೇಷ್ಟ್ರ ಮಗಳ ಎದುರಿಗೆ ಬಂದು ನಿಂತರು. ಈಗ ಅವರ ದನಿ ಮೊದಲ ಬಾರಿಗೆ ಮನುಷ್ಯರ ದನಿಯಾಗಿತ್ತು.

"ಆ ಎರಡು ಅಧ್ಯಾಯ ನನಗೆ ಕೊಡಮ್ಮ. ಈಗಲೇ ಹೋಗಿ ಮಿಷನ್ ನಿಲ್ಲಿಸ್ತೀನಿ. ನಿಮ್ಮಪ್ಪನ ಸುದ್ದಿ ತೆಗೆಸ್ತೀನಿ. ಹಾಳೆ ಕತ್ತರಿಸಿದ್ದು ನಾನು ಅಂತ ಮೊದಲ ಪುಟದಲ್ಲಿ ಹಾಕಿಸ್ತೀನಿ ಬೇಕಾದ್ರೆ. ಮಿಕ್ಕ ಪುಸ್ತಕ ನಿಮ್ಮದು, ಮರ್ಯಾದೆಯಾಗಿ ಬರಲಿ."

"ಅಪ್ಪ ಇದಕ್ಕೆ ಒಪ್ತಿರ್ಲಿಲ್ಲ."

"ಒಪ್ಪಿದ್ರು."

"ಸುಳ್ಳು!"

"ಆ ಸಂಪುಟ ನೆಟ್ಟಗೆ ಬಿಚ್ಕೊಂಡು ನಿಲ್ಲಲ್ಲಮ್ಮ. ಒಬ್ಬರು ಎಡಗಡೆ ಒತ್ತಿ ಹಿಡೀಬೇಕು, ಇನ್ನೊಬ್ಬರು ಚಾಕು ಎಳೀಬೇಕು. ನಾನು ತಂದಿದ್ದ ಸೀಸದ ಪಟ್ಟಿ ನನ್ನ ಕೈಗೆ ತೆಗೆದುಕೊಟ್ಟೋರೇ ಅವರು. ಹಿಡ್ಕೊಂಡೋರೂ ಅವರೇ. ಇಷ್ಟು ವರ್ಷ ಸತ್ತೋರ ಕಥೆ ಬರೆದೆ, ಬದುಕಿರೋರನ್ನ ಸಾಯಿಸೋಕಲ್ಲ ಅಂದ್ರು."

ಇನ್ಸ್‌ಪೆಕ್ಟರ ಮನಸ್ಸಿನ ಮೂಲೆಯಲ್ಲಿದ್ದ ಗುರುತು ಆಗ ಎದ್ದು ಬಂದು ಎದುರಿಗೆ ನಿಂತಿತು. ಒಂದರ ಮೇಲೊಂದು ಬಿದ್ದ ಹೆಬ್ಬೆರಳು. ಎಷ್ಟು ಒತ್ತಿದರೂ ಒಂದೇ ಕಡೆ ನಿಲ್ಲಲಾರದ ಬೆರಳು. ಆ ಬೆರಳನ್ನು ಅವರು ಚಿಕ್ಕಂದಿನಿಂದ ಬಲ್ಲರು.

ಮಗಳು ಇನ್ಸ್‌ಪೆಕ್ಟರ ಮುಖ ನೋಡಿದಳು. ಅಲ್ಲಗಳೆಯಲಿ ಎಂದು ಕಾದಳು. ಅವರು ಅಲ್ಲಗಳೆಯಲಿಲ್ಲ.

"ಆಮೇಲೆ ಅಪ್ಪ ಬಿದ್ದದ್ದು ಹೇಗೆ?" ಅವಳ ಮಾತು ಪಿಸುದನಿಗಿಳಿದಿತ್ತು.

"ನಾನು ಹಿಂದಿನ ಬಾಗಿಲಿಂದ ಹೋದೆ. ಅವರಿನ್ನೂ ಮೇಲೆ ಕೂತಿದ್ರು. ಮೆಟ್ಟಿಲ ವಿಷಯ ನನಗೆ... ಗೊತ್ತಿಲ್ಲ."

ಅಷ್ಟು ಹೊತ್ತು ಒಂದೇ ಹದದಲ್ಲಿ ಬಂದಿದ್ದ ದೊಡ್ಡಮ್ಮನ ಉಸಿರು ಆ ಒಂದು ಮಾತಿನಲ್ಲಿ ಅರ್ಧಕ್ಕೆ ನಿಂತು ಮುಂದೆ ಹೋಯಿತು. ಇನ್ಸ್‌ಪೆಕ್ಟರು ಅದನ್ನು ಕೇಳಿಸಿಕೊಂಡರು. ಮೆಟ್ಟಿಲ ಹತ್ತಿರ ನಿಜಕ್ಕೂ ಏನಾಯಿತೆಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಚೆಯ ಯಂತ್ರ ಒಮ್ಮೆ ನಿಂತಿತು. ಇನ್ನು ಕಾಗದ ಏರಿಸುತ್ತಾರೆ. ಮುಂದಿನ ಸಲ ಓಡಿದರೆ ಅದು ನಾಳೆಯ ಪತ್ರಿಕೆ.

"ಹೊತ್ತಿಲ್ಲಮ್ಮ," ಎಂದರು ದೊಡ್ಡಮ್ಮ. ಬೂದು ಬೆರಳುಗಳ ಕೈ ಚಾಚಿದರು. "ನಿಮ್ಮಪ್ಪನ ಮನಸ್ಸೂ ಅದೇ ಆಗಿತ್ತು. ಕೊಡು."

ಮಗಳು ಓದಿದ ಹಾಳೆಗಳನ್ನು ನಿಧಾನವಾಗಿ ಜೋಡಿಸಿದಳು. ಚಾಟಿಯದು ಮೇಲೆ, ಪರದೇಶಿಯದು ಕೆಳಗೆ. ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದಳು. ದೊಡ್ಡಮ್ಮನ ಕೈ ಇನ್ನೂ ಚಾಚಿಯೇ ಇತ್ತು. ಅವಳು ಹಾಳೆಗಳನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಹೆಗಲಿಗೇರಿಸಿದಳು.

"ಕೊಡಲ್ಲ ದೊಡ್ಡಮ್ಮ," ಎಂದಳು. "ಅಪ್ಪನೇ ಎದ್ದು ಬಂದು ಕೇಳಿದ್ರೂ ಕೊಡಲ್ಲ."